ದಪ್ತರ ಯಾರ ಮನೆಯಲ್ಲಿ?

ಕೃಷ್ಣೆಯಿಂದ ಭೀಮೆಯವರೆಗಿನ ಸೀಮೆಯ ಹಳ್ಳಿಗಳಲ್ಲಿ ಊರಿನ ಹೊಲಗಳ ವಿಸ್ತೀರ್ಣ, ಅವುಗಳ ಮೇಲಿನ ಸಾರಾ ಎಂಬ ಕಂದಾಯ, ಯಾವ ಹೊಲ ಯಾರಿಂದ ಯಾರಿಗೆ ಬಂದಿತೆಂಬ ವೃತ್ತಾಂತ, ಇವೆಲ್ಲವನ್ನೂ ಒಂದು ಕಾಲದಲ್ಲಿ ಬರೆದಿಡುತ್ತಿದ್ದವನು ಕುಲಕರ್ಣಿ. ಬರೆದ ಕಾಗದಗಳನ್ನು ಅರಿವೆಯಲ್ಲಿ ಗಂಟುಕಟ್ಟಿ ದಪ್ತರವೆಂದು ಅವನು ಕಾಪಾಡುತ್ತಿದ್ದುದು ಸಾಮಾನ್ಯವಾಗಿ ತನ್ನ ಸ್ವಂತ ಮನೆಯಲ್ಲಿ. ಕುಲಕರ್ಣಿಕೆ ವಂಶಪಾರಂಪರ್ಯವಾಗಿ ಬರುವ ವತನವಾಗಿದ್ದುದರಿಂದ ಊರಿನ ದಪ್ತರವು ಯಾವುದು, ಮನೆತನದ ಸ್ವತ್ತು ಯಾವುದು ಎಂಬ ಗೆರೆ ಕಾಲಕ್ರಮದಲ್ಲಿ ಮಸುಕಾಯಿತು. ಅಣ್ಣತಮ್ಮಂದಿರು ಪಾಲಾದರೆ ಗಂಟುಗಳೂ ಪಾಲಾಗುವ ಸಂಭವವಿತ್ತು; ಮನೆಗೆ ಬೆಂಕಿ ಬಿದ್ದರೆ ಇಡೀ ಊರಿನ ಸ್ಮೃತಿಯೇ ಭಸ್ಮವಾಗುವ ಭಯವಿತ್ತು. ಇದರಲ್ಲಿ ಕುಲಕರ್ಣಿಯ ದುರುದ್ದೇಶವನ್ನು ಕಲ್ಪಿಸಬೇಕಾಗಿಲ್ಲ. ಅತ್ಯಂತ ಪ್ರಾಮಾಣಿಕನಾದ ಕುಲಕರ್ಣಿಯ ಮನೆಯಲ್ಲಿಯೂ ಈ ಭಯ ಇದ್ದೇ ಇತ್ತು, ಏಕೆಂದರೆ ದೋಷವಿದ್ದುದು ಮನುಷ್ಯನಲ್ಲಲ್ಲ, ದಪ್ತರವನ್ನಿಟ್ಟ ಸ್ಥಳದಲ್ಲಿ.

1950ರಲ್ಲಿ ಮುಂಬಯಿ ರಾಜ್ಯವು ಕಾನೂನಿನ ಮೂಲಕ ಕುಲಕರ್ಣಿ ವತನಗಳನ್ನು ರದ್ದುಮಾಡಿತು. ಊರಿನ ಲೆಕ್ಕ ಸಂಬಳದ ನೌಕರನಾದ ತಲಾಠಿಯ ಕೈಗೆ ಬಂದಿತು. ತಲಾಠಿಗೆ ವರ್ಗವಾದರೆ ಅವನು ಹೋಗುತ್ತಾನೆ, ದಪ್ತರ ಚಾವಡಿಯಲ್ಲಿಯೇ ಉಳಿಯುತ್ತದೆ. ಈ ಒಂದು ವಾಕ್ಯದಲ್ಲಿ ಅಡಗಿರುವ ಸುಧಾರಣೆ ಎಷ್ಟು ದೊಡ್ಡದೆಂಬುದನ್ನು ನಾವು ಸಾಕಷ್ಟು ಮನಗಂಡಿಲ್ಲವೆಂದು ನನ್ನ ಭಾವನೆ. ಮನಗಂಡಿದ್ದರೆ, ಎಪ್ಪತ್ತು ವರ್ಷಗಳ ತರುವಾಯ ಕಂಪ್ಯೂಟರಿನೊಳಗೆ ಅದೇ ಕುಲಕರ್ಣಿಯ ಮನೆಯನ್ನು ಮತ್ತೆ ಕಟ್ಟುತ್ತಿರಲಿಲ್ಲ.

ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಯಳವಿಯಂತಹ ಒಂದು ಊರನ್ನು ತೆಗೆದುಕೊಳ್ಳೋಣ. ಕನ್ನಡ ಮರಾಠಿಗಳೆರಡೂ ಬಾಯಲ್ಲಿ ಆಡುವ ಸೀಮೆ, ಮಳೆ ಕಡಿಮೆ, ಸಿಕ್ಕ ನೀರನ್ನು ಹನಿಹನಿಯಾಗಿ ಉಣಿಸಿ ದ್ರಾಕ್ಷಿ, ದಾಳಿಂಬೆಗಳನ್ನು ಬೆಳೆಯುವ ತಾಲ್ಲೂಕು. ಅಲ್ಲಿ ಹತ್ತು ಮಂದಿ ಬೆಳೆಗಾರರು ಕೂಡಿ ಒಂದು ಉತ್ಪಾದಕರ ಕಂಪನಿಯನ್ನು ಸ್ಥಾಪಿಸಿದರೆಂದು ಭಾವಿಸಿರಿ. ಅಂತಹ ಕಂಪನಿಗೆ ಕನಿಷ್ಠ ಹತ್ತು ಮಂದಿ ಉತ್ಪಾದಕರಿರಬೇಕೆಂಬುದು ಕಾಯದೆಯ ವಿಧಿ. ಕಂಪನಿ ಹುಟ್ಟಿದ ದಿನದಿಂದಲೇ ಕಾಗದಗಳು ಹುಟ್ಟತೊಡಗುತ್ತವೆ: ಸಭೆಯ ಗೊತ್ತುವಳಿ, ಸದಸ್ಯರ ಸಾತಬಾರಾ ಉತಾರೆಗಳು, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು, ಔಷಧದ ಉಳಿಕೆ ಪರೀಕ್ಷಿಸಿದ ಪ್ರಯೋಗಶಾಲೆಯ ವರದಿ, ಬೇದಾಣೆಯನ್ನು (ಒಣದ್ರಾಕ್ಷಿಯನ್ನು) ಶೀತಲಗೃಹದಲ್ಲಿಟ್ಟ ಪಾವತಿ, ಜಿಎಸ್‌ಟಿಯ ಬಿಲ್ಲು. ಇವುಗಳನ್ನು ನೋಡಿಕೊಳ್ಳಲು ಬಿ.ಕಾಂ. ಓದಿದ ಒಬ್ಬ ಹುಡುಗನಿದ್ದಾನೆ. ಅಧ್ಯಕ್ಷರಾದ ಹಿರಿಯರು ಒಂದು ಮುಂಜಾನೆ ಬಂದು ಅವನನ್ನು ಕೇಳುತ್ತಾರೆ:

“ತಮ್ಮಾ, ಹ್ವಾದ ವರ್ಷ ಬೇದಾಣಿ ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟಿದ್ದರ ಪಾವತಿ ಎಲ್ಲೈತಿ?”

“ನನ್ನ ಡ್ರೈವಿನ್ಯಾಗ ಐತ್ರೀ ಕಾಕಾ, ಹುಡುಕಿ ಕೊಡ್ತೀನ್ರಿ.”

ಉತ್ತರ ಸರಳ, ಹುಡುಗ ನಿಷ್ಕಪಟಿ, ಪಾವತಿ ಎರಡು ನಿಮಿಷದಲ್ಲಿ ಸಿಕ್ಕಿಯೂ ಬಿಡುತ್ತದೆ. ಆದರೆ ಆ ಉತ್ತರದ ಮೊದಲನೆಯ ಪದವನ್ನು ವಾಚಕರು ಇನ್ನೊಮ್ಮೆ ಓದಬೇಕು. ‘ನನ್ನ’ ಎಂದು ಅವನು ಬಾಯಿಮಾತಿಗೆ ಹೇಳಿದುದಲ್ಲ; ತಂತ್ರಾಂಶದ ದೃಷ್ಟಿಯಲ್ಲಿ ಅದು ಅಕ್ಷರಶಃ ಸತ್ಯ. ಪಾವತಿ ಕಂಪನಿಯದು, ಬೇದಾಣೆ ಹತ್ತು ಮಂದಿಯದು, ಆದರೆ ಆ ಪಾವತಿಯ ಚಿತ್ರವನ್ನು ಹೊತ್ತ ಕಡತ ಆ ಹುಡುಗನದು.

ಒಡೆತನವೆಂಬುದು ಗಣಕದೊಳಗೆ ಹೇಗೆ ಇರುತ್ತದೆಂಬುದನ್ನು ಜತ್ತದ ರೈತನಿಗೆ ತಿಳಿಸಿಕೊಡುವುದು ಬಹಳ ಸುಲಭ, ಏಕೆಂದರೆ ಅವನ ಪೆಟ್ಟಿಗೆಯಲ್ಲಿರುವ ಸಾತಬಾರಾ ಉತಾರೆಯೇ ಅದರ ಉತ್ತಮ ಮಾದರಿ. ಆ ಉತಾರೆಯ ಹೆಸರೇ ಎರಡು ನಮೂನೆಗಳ ಜೋಡಣೆ: ಗ್ರಾಮ ನಮೂನೆ 7ರಲ್ಲಿ ಹೊಲದ ಮೇಲಿನ ಹಕ್ಕು ಯಾರದೆಂದು ಬರೆದಿರುತ್ತದೆ, ಗ್ರಾಮ ನಮೂನೆ 12ರಲ್ಲಿ ಆ ಹೊಲದಲ್ಲಿ ಯಾವ ವರ್ಷ ಏನು ಬೆಳೆಯಿತೆಂದು ಬರೆದಿರುತ್ತದೆ. ಹಕ್ಕು ಕೈಬದಲಾದಾಗ ಅದನ್ನು ದಾಖಲಿಸುವ ಫೇರಫಾರ ಪುಸ್ತಕ ಮೂರನೆಯದು, ನಮೂನೆ 6. ಪಾಲಿಗೆ ಮಾಡುವವನು ವರ್ಷವಿಡೀ ಬೆವರು ಸುರಿಸಿ 12ನ್ನು ತುಂಬಿಸಿದರೂ 7ರಲ್ಲಿ ಅವನ ಹೆಸರು ಬಾರದು. ಕ್ಲೌಡ್ ತಂತ್ರಾಂಶದಲ್ಲಿ ಪ್ರತಿಯೊಂದು ಕಡತಕ್ಕೂ ಇದೇ ಬಗೆಯ ಉತಾರೆಯೊಂದು ಅದೃಶ್ಯವಾಗಿ ಅಂಟಿಕೊಂಡಿರುತ್ತದೆ: ಮಾಲೀಕ ಯಾರು, ಓದಬಲ್ಲವರು ಯಾರು, ತಿದ್ದಬಲ್ಲವರು ಯಾರು, ಯಾವ ದಿನ ಯಾರು ಏನು ಬದಲಿಸಿದರು. ಹತ್ತು ಮಂದಿಗೂ ‘ಹಂಚಿದ’ ಕಡತವೆಂದರೆ ಹತ್ತು ಮಂದಿಗೆ ಉಳುವ ಅನುಮತಿ ಕೊಟ್ಟ ಹೊಲ. 7ರ ಹೆಸರು ಅದರಿಂದ ಬದಲಾಗುವುದಿಲ್ಲ. ಈ ಭೇದವನ್ನು ಬಲ್ಲವನು ಉಳಿದುದನ್ನೆಲ್ಲ ತಾನೇ ಊಹಿಸಬಲ್ಲನು.

ಈಗ ಬಳಕೆಯಲ್ಲಿರುವ ತಂತ್ರಾಂಶಗಳನ್ನು ಈ ದೃಷ್ಟಿಯಿಂದ ನೋಡೋಣ. ಮೈಕ್ರೋಸಾಫ್ಟಿನ ಕಚೇರಿ ವ್ಯವಸ್ಥೆಯಲ್ಲಿ ಪ್ರತಿಯೊಬ್ಬ ನೌಕರನಿಗೂ ಒನ್‌ಡ್ರೈವ್ ಎಂಬ ಖಾಸಗಿ ಸ್ಥಳವಿರುತ್ತದೆ. ಒಂದು ವಿಭಾಗಕ್ಕೋ ಇಡೀ ಸಂಸ್ಥೆಗೋ ಸೇರಿದ ಸ್ಥಳವನ್ನು ಶೇರ್‌ಪಾಯಿಂಟ್ ಎನ್ನುತ್ತಾರೆ. ಶೇರ್‌ಪಾಯಿಂಟ್ 2001ರಿಂದ ಇರುವ ಹಳೆಯ ಕಟ್ಟಡ. ವಾಚಕರಿಗೆ ಆಶ್ಚರ್ಯವೆನಿಸಬಹುದಾದ ಸಂಗತಿಯೆಂದರೆ, ಸಂಸ್ಥೆಗಳಿಗೆ ಕೊಡುವ ಒನ್‌ಡ್ರೈವ್ ಕೂಡ ಒಳಗಿನಿಂದ ಶೇರ್‌ಪಾಯಿಂಟೇ ಆಗಿರುತ್ತದೆ: ಅದೇ ಕಲ್ಲು, ಅದೇ ಗಾರೆ, ಅದೇ ಬೀಗ. ಕುಲಕರ್ಣಿಯ ವಾಡೆಗೂ ಚಾವಡಿಗೂ ಒಂದೇ ಗಣಿಯ ಕಲ್ಲು ತಂದಂತೆ. ವ್ಯತ್ಯಾಸವಿರುವುದು ಬಾಗಿಲ ಮೇಲೆ ಕೆತ್ತಿದ ಹೆಸರಿನಲ್ಲಿ ಮಾತ್ರ. ಆದರೆ ಆ ಹೆಸರಿನ ಫಲ ಸಾಮಾನ್ಯವಾದುದಲ್ಲ. ನೌಕರನು ಕೆಲಸ ಬಿಟ್ಟು, ಅವನ ಖಾತೆಯನ್ನು ತೆಗೆದುಹಾಕಿದ ಮೇಲೆ, ಬೇರೆ ಏರ್ಪಾಡು ಮಾಡದಿದ್ದಲ್ಲಿ ಅವನ ಒನ್‌ಡ್ರೈವ್ 30 ದಿನ ಮಾತ್ರ ಉಳಿಯುತ್ತದೆ. ತರುವಾಯ ಅದು ಅಳಿಸಿದ ವಸ್ತುಗಳ ರಾಶಿಗೆ ಸೇರಿ, ಅಲ್ಲಿಯ 93 ದಿನಗಳೂ ಕಳೆದರೆ ಇಲ್ಲವಾಗುತ್ತದೆ. ಹುಡುಗನಿಗೆ ಪುಣೆಯಲ್ಲಿ ಒಳ್ಳೆಯ ಕೆಲಸ ಸಿಕ್ಕಿ ದೀಪಾವಳಿಯ ಹೊತ್ತಿಗೆ ಹೋದನೆಂದರೆ, ದ್ರಾಕ್ಷಿಯ ಸುಗ್ಗಿ ಮುಗಿದು ಲೆಕ್ಕ ಪರಿಶೋಧಕರು ಬರುವ ವೇಳೆಗೆ ಹಳೆಯ ಪಾವತಿಗಳು ಜಗತ್ತಿನಲ್ಲಿಯೇ ಇರುವುದಿಲ್ಲ. ಶೇರ್‌ಪಾಯಿಂಟಿನಲ್ಲಿಟ್ಟ ಕಾಗದಕ್ಕೆ ಹುಡುಗನ ಗಮನಾಗಮನದ ಸೋಂಕೇ ಇಲ್ಲ.

2017ರಲ್ಲಿ ಬಂದ ಟೀಮ್ಸ್ ಎಂಬ ಸಂಭಾಷಣೆಯ ತಂತ್ರಾಂಶದಿಂದ ಈ ವಿಷಯ ಇನ್ನಷ್ಟು ಸೂಕ್ಷ್ಮವಾಯಿತು. ಅಲ್ಲಿ ತಂಡದ ಚಾನೆಲ್ಲಿನಲ್ಲಿ ಹಾಕಿದ ಕಡತವು ತಂಡದ ಶೇರ್‌ಪಾಯಿಂಟಿಗೆ ಹೋಗಿ ಸೇರುತ್ತದೆ. ಅದೇ ಕಡತವನ್ನು ಇಬ್ಬರ ನಡುವಿನ ಖಾಸಗಿ ಮಾತುಕತೆಯಲ್ಲಿ ಕಳಿಸಿದರೆ ಅದು ಕಳಿಸಿದವನ ಒನ್‌ಡ್ರೈವಿನಲ್ಲಿಯೇ ಕುಳಿತಿರುತ್ತದೆ, ಪಡೆದವನಿಗೆ ಸಿಗುವುದು ಅದರ ಕಿಂಡಿ ಮಾತ್ರ. ಕಣ್ಣಿಗೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಒಂದೇ ಪರದೆ, ಒಂದೇ ಗುಂಡಿ, ಒಂದೇ ಬೆರಳಿನ ಒತ್ತು; ಆದರೆ ಒಂದು ಕಾಗದ ಚಾವಡಿಗೆ, ಮತ್ತೊಂದು ಕುಲಕರ್ಣಿಯ ಮನೆಗೆ. ಕೆಲಸದ ಅವಸರದಲ್ಲಿರುವವನಿಗೆ ಈ ಕವಲುದಾರಿ ಕಾಣದಂತೆ ಮಾಡಿರುವುದನ್ನು ನಾನು ಈ ತಂತ್ರಾಂಶಗಳ ನಿಜವಾದ ಕೊರತೆಯೆಂದೇ ಎಣಿಸುತ್ತೇನೆ.

ಗೂಗಲ್ಲಿನ ವ್ಯವಸ್ಥೆಯೂ ಇದಕ್ಕೆ ಹೊರತಲ್ಲ. 2012ರಲ್ಲಿ ಆರಂಭವಾದ ಗೂಗಲ್ ಡ್ರೈವಿನಲ್ಲಿ ಕಡತವು ಯಾವನೋ ಒಬ್ಬ ವ್ಯಕ್ತಿಯದಾಗಿಯೇ ಇರಬೇಕಾಗಿದ್ದಿತು. ಸಂಸ್ಥೆಯೇ ಮಾಲೀಕನಾಗಿರುವ ಸ್ಥಳವನ್ನು 2017ರಲ್ಲಿ ‘ಟೀಮ್ ಡ್ರೈವ್’ ಎಂದು ಸೇರಿಸಿ, 2019ರಲ್ಲಿ ಅದಕ್ಕೆ ‘ಶೇರ್ಡ್ ಡ್ರೈವ್’ ಎಂದು ಪುನರ್ನಾಮಕರಣ ಮಾಡಿದರು. ಐದು ವರ್ಷ ನಡೆಸಿದ ಮೇಲೆ ಚಾವಡಿಯ ಅಗತ್ಯ ಅವರಿಗೂ ಮನವರಿಕೆಯಾಯಿತೆಂದು ಇದರಿಂದ ಊಹಿಸಬಹುದು. ಆದರೆ ನಮ್ಮ ಹಳ್ಳಿಗಳ ಸಣ್ಣ ಕಂಪನಿಗಳು ಬಳಸುವುದು ಬಹುಮಟ್ಟಿಗೆ 15 ಜಿಬಿ ಜಾಗ ಕೊಡುವ ಉಚಿತ ಖಾತೆಯನ್ನು, ಅದರಲ್ಲಿ ಶೇರ್ಡ್ ಡ್ರೈವ್ ಇಲ್ಲ. ಮೇಲಾಗಿ ಎರಡು ವರ್ಷ ಯಾರೂ ತೆರೆಯದೆ ಬಿಟ್ಟ ಉಚಿತ ಖಾತೆಯನ್ನು ಒಳಗಿನ ಕಡತಗಳ ಸಮೇತ ಅಳಿಸುವ ಅಧಿಕಾರವನ್ನು ಗೂಗಲ್ 2023ರಲ್ಲಿ ತನ್ನ ನಿಯಮಕ್ಕೆ ಸೇರಿಸಿಕೊಂಡಿತು. ಬೇದಾಣೆಯ ಒಂದೆರಡು ಪೆಟ್ಟಿಗೆಯ ಬೆಲೆಯನ್ನು ಉಳಿಸಲು ಹತ್ತು ಮಂದಿಯ ದಪ್ತರವನ್ನು ಒಬ್ಬನ ಹೆಸರಿಗೆ ಬರೆದುಕೊಡುವುದು ಮಿತವ್ಯಯವಲ್ಲ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಸ್ಥಳವೆಂದು ಇಷ್ಟು ಹೊತ್ತು ಹೇಳುತ್ತಿರುವಿರಿ, ಆ ಸ್ಥಳ ಭೂಮಿಯ ಮೇಲೆ ಎಲ್ಲಿದೆ, ಅದು ಹಾಳಾಗುವುದಿಲ್ಲವೆ, ಎಂದು ಓದುಗರು ಕೇಳಬಹುದು. ಕ್ಲೌಡ್ ಎಂಬ ಹೆಸರಿದ್ದರೂ ಕಾಗದ ಆಕಾಶದಲ್ಲಿಲ್ಲ. ಮೈಕ್ರೋಸಾಫ್ಟ್ 2015ರಲ್ಲಿ ಭಾರತದಲ್ಲಿ ತೆರೆದ ಮೂರು ಕೇಂದ್ರಗಳಲ್ಲಿ ಒಂದು ಪುಣೆಯದು, ಉಳಿದೆರಡು ಮುಂಬಯಿ ಮತ್ತು ಚೆನ್ನೈಗಳವು. ಗೂಗಲ್ 2017ರಲ್ಲಿ ಮುಂಬಯಿಯಲ್ಲಿ ಇಂತಹುದೇ ಕೇಂದ್ರ ತೆರೆಯಿತು. ಹಗಲಿರುಳು ತಣ್ಣಗೆ ಮಾಡಿಡಬೇಕಾದ ಸಾವಿರಾರು ಯಂತ್ರಗಳ ಗೋದಾಮುಗಳು ಅವು.

ಗೋದಾಮಿನ ಮಾತು ಬಂದಾಗ ಸಾಂಗಲಿಯ ಪಕ್ಕದ ಹರಿಪುರವನ್ನು ನೆನೆಯದಿರಲಾಗದು. ಕೃಷ್ಣಾ ವಾರಣಾ ನದಿಗಳ ಸಂಗಮದ ಆ ಊರಿನ ನೆಲದಲ್ಲಿ ಅರಿಸಿನವನ್ನು ತುಂಬಿಡುವ ಆಳವಾದ ಹಗೇವುಗಳಿದ್ದವು. ಮೇಲೆ ಮುಚ್ಚಿದರೆ ಒಳಗೆ ಗಾಳಿಯಾಡದು, ಹುಳು ಬದುಕದು, ಅರಿಸಿನ ವರ್ಷಗಟ್ಟಲೆ ಕೆಡದು. ಸಾಂಗಲಿ ಅರಿಸಿನದ ಪೇಟೆ ಬೆಳೆದುದರಲ್ಲಿ ಆ ಮಣ್ಣಿನ ಪಾತ್ರ ದೊಡ್ಡದು. ಆದರೆ 2005ರ ಮಹಾಪೂರದಲ್ಲಿ ನದಿಯ ನೀರು ನುಗ್ಗಿ ಹಲವಾರು ಹಗೇವುಗಳು ಹಾಳಾದವು. ಎಷ್ಟೇ ಉತ್ತಮವಾದ ಹಗೇವಾದರೂ ಸರಕು ಅದೊಂದರಲ್ಲಿಯೇ ಇದ್ದರೆ, ನೀರು ಬಂದ ದಿನ ಅದರ ಉತ್ತಮಿಕೆ ನೆರವಿಗೆ ಬಾರದು. ಅರಿಸಿನದ ಪ್ರತಿ ತೆಗೆಯಲಾಗುವುದಿಲ್ಲ. ಅಂಕಿಗಳ ಪ್ರತಿ ತೆಗೆಯಬಹುದು. ಕಡತವೆಂದರೆ ಅಂಕಿಗಳ ಸಾಲು ತಾನೆ?

ಪ್ರತಿ ತೆಗೆಯುವುದರಲ್ಲಿಯೂ ಒಂದು ಚತುರೋಪಾಯವಿದೆ, ಅದರ ಸೊಬಗನ್ನು ವಾಚಕರು ಕಾಗದದ ಮೇಲೆ ತಾವೇ ಮಾಡಿ ನೋಡಬೇಕು. ನಮ್ಮ ಬಳಿ 37 ಮತ್ತು 45 ಎಂಬ ಎರಡು ಸಂಖ್ಯೆಗಳಿವೆ. ಇಡಲು ನಾಲ್ಕು ಪೆಟ್ಟಿಗೆಗಳಿವೆ. ಪ್ರತಿಯೊಂದನ್ನೂ ಎರಡೆರಡು ಪೆಟ್ಟಿಗೆಯಲ್ಲಿ ಬರೆದಿಟ್ಟರೆ, ದುರ್ದೈವದಿಂದ 37 ಇರುವ ಎರಡೂ ಪೆಟ್ಟಿಗೆಗಳು ಹೋದಾಗ 37 ಹೋಯಿತು. ಹಾಗೆ ಮಾಡದೆ ಮೊದಲನೆಯದರಲ್ಲಿ 37, ಎರಡನೆಯದರಲ್ಲಿ 45, ಮೂರನೆಯದರಲ್ಲಿ ಅವೆರಡರ ಮೊತ್ತ 82, ನಾಲ್ಕನೆಯದರಲ್ಲಿ ಮೊದಲನೆಯದಕ್ಕೆ ಎರಡನೆಯದರ ಇಮ್ಮಡಿ ಕೂಡಿಸಿ 127 ಎಂದು ಬರೆದಿಡೋಣ. ಈಗ ಯಾವ ಎರಡು ಪೆಟ್ಟಿಗೆಗಳು ಬೇಕಾದರೂ ಹೋಗಲಿ. ಮೊದಲೆರಡು ಹೋದರೆ 127ರಲ್ಲಿ 82 ಕಳೆಯಿರಿ, 45 ಬಂದಿತು. 82ರಲ್ಲಿ 45 ಕಳೆಯಿರಿ, 37 ಬಂದಿತು. ಪೆಟ್ಟಿಗೆಗಳ ಸಂಖ್ಯೆ ಅಷ್ಟೇ, ರಕ್ಷಣೆ ಹೆಚ್ಚು. ಈ ಬೀಜಗಣಿತವನ್ನು 1960ರಲ್ಲಿ ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ಪೂರ್ಣರೂಪಕ್ಕೆ ತಂದರು. ಮೈಕ್ರೋಸಾಫ್ಟಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ವಿಧಾನವೊಂದರಲ್ಲಿ ದತ್ತವನ್ನು 12 ತುಣುಕು ಮಾಡಿ, ಇಂತಹ ಲೆಕ್ಕದ 4 ತುಣುಕುಗಳನ್ನು ಸೇರಿಸಿ, 16ನ್ನು ಬೇರೆಬೇರೆ ಯಂತ್ರಗಳಲ್ಲಿಡುತ್ತಾರೆ; ಯಾವ ಮೂರು ತುಣುಕುಗಳು ಹೋದರೂ ಕಾಗದ ಪೂರ್ತಿಯಾಗಿ ಮರಳಿ ಬರುತ್ತದೆ, ತಗಲುವ ಜಾಗ ಮೂಲದ 1.33 ಪಟ್ಟು ಮಾತ್ರ. ಮೂರು ಪೂರ್ಣ ಪ್ರತಿಗಳನ್ನಿಡುವ ಹಳೆಯ ಕ್ರಮಕ್ಕೆ ಮೂರು ಪಟ್ಟು ಜಾಗ ಬೇಕಾಗುತ್ತಿದ್ದಿತು.

ಆದುದರಿಂದ ಯಂತ್ರ ಕೆಟ್ಟು ಕಾಗದ ಹೋದೀತೆಂಬ ಭಯವನ್ನು ಯಳವಿಯ ಕಂಪನಿ ದೊಡ್ಡದಾಗಿ ಇಟ್ಟುಕೊಳ್ಳಬೇಕಾಗಿಲ್ಲ. ಆದರೆ ಇದೇ ಯಂತ್ರಗಳು ಮಾಲೀಕನ ಆಜ್ಞೆಯನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತವೆ: ‘ಅಳಿಸು’ ಎಂದು ಅವನೆಂದರೆ ಹದಿನಾರು ತುಣುಕುಗಳೂ ಅಳಿಯುತ್ತವೆ. ಮಹಾಪೂರದಿಂದ ಕಾಪಾಡುವ ಗಣಿತ ಇದೆ. ಸಲ್ಲದ ಹೆಸರಿನಲ್ಲಿಟ್ಟುದನ್ನು ಕಾಪಾಡುವ ಗಣಿತ ಇಲ್ಲ. ಸ್ಥಳವನ್ನು ಆರಿಸುವ ಕೆಲಸ ಆ ಕಾರಣದಿಂದಲೇ ಮನುಷ್ಯನ ಪಾಲಿಗೆ ಉಳಿದಿದೆ.

ಹಾಗೆಂದು ಎಲ್ಲವನ್ನೂ ಚಾವಡಿಗೆ ಒಯ್ದು ಸುರಿಯತಕ್ಕದ್ದಲ್ಲ. ಅರ್ಧ ಬರೆದ ಪತ್ರ, ದರದ ಕಚ್ಚಾ ಲೆಕ್ಕ, ಇನ್ನೂ ಯಾರಿಗೂ ತೋರಿಸಲು ಮನಸ್ಸಾಗದ ಯೋಚನೆ, ಇವು ಬರೆಯುವವನ ಖಾಸಗಿ ಸ್ಥಳದಲ್ಲಿಯೇ ಹಣ್ಣಾಗಲಿ. ಕಡತವೆಂಬ ನಮ್ಮ ಶಬ್ದದ ಮೂಲಾರ್ಥವೇ ಇದಕ್ಕೆ ಸಾಕ್ಷಿ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕಕ್ಕೆ ಕಡತವೆನ್ನುತ್ತಿದ್ದರು. ಅದರ ಮೇಲೆ ಬಳಪದಿಂದ ಬರೆಯುವುದು, ಬೇಡವಾದರೆ ಒರಸಿ ಮತ್ತೆ ಬರೆಯುವುದು. ಶೃಂಗೇರಿ ಮಠದಲ್ಲಿ ಅಂತಹ ಕಡತಗಳ ದೊಡ್ಡ ಸಂಗ್ರಹವೇ ಇದೆ. ಒರಸುವ ಸ್ವಾತಂತ್ರ್ಯ ಬರೆಯುವವನಿಗೆ ಬೇಕು. ಆದರೆ ಅಧ್ಯಕ್ಷರ ಸಹಿ ಬಿದ್ದ ಗೊತ್ತುವಳಿಯನ್ನು ಒರಸುವಂತಿಲ್ಲ. ಶೇರ್‌ಪಾಯಿಂಟಿನಂತಹ ಸ್ಥಳದಲ್ಲಿ ತಿದ್ದಿದಾಗಲೆಲ್ಲ ಹಿಂದಿನ ರೂಪವೂ ಉಳಿದುಕೊಂಡು, ಯಾರು ಯಾವಾಗ ತಿದ್ದಿದರೆಂಬುದು ಫೇರಫಾರದಂತೆ ದಾಖಲಾಗುವುದರಿಂದ ಸಹಿಯಾದ ಕಾಗದ ಸೇರಬೇಕಾದುದು ಅಲ್ಲಿಗೆ.

ಚಾವಡಿಯೊಳಗೂ ಎಲ್ಲ ಪೆಟ್ಟಿಗೆಗೂ ಒಂದೇ ಬೀಗವಿರಬಾರದು. ತಂತ್ರಾಂಶದಲ್ಲಿ ಅನುಮತಿಯು ಮೇಲಿನಿಂದ ಕೆಳಕ್ಕೆ ಹರಿಯುತ್ತದೆ: ತಾಣಕ್ಕೆ ಪ್ರವೇಶವುಳ್ಳವನಿಗೆ ಅದರೊಳಗಿನ ಫೋಲ್ಡರಿಗೂ, ಫೋಲ್ಡರಿನೊಳಗಿನ ಕಡತಕ್ಕೂ ಪ್ರವೇಶ ತಾನಾಗಿಯೇ ದೊರೆಯುತ್ತದೆ. ನಡುವೆ ಅಲ್ಲೊಂದು ಇಲ್ಲೊಂದು ಕಡತಕ್ಕೆ ಬೇರೆ ಬೀಗ ಹಾಕುತ್ತ ಹೋದರೆ ಕೆಲವು ತಿಂಗಳಲ್ಲಿ ಯಾವ ಬೀಗದ ಕೈ ಯಾರ ಬಳಿ ಇದೆಯೆಂದು ಯಾರಿಗೂ ತಿಳಿಯದಂತಾಗುತ್ತದೆ. ಸದಸ್ಯರ ಆಧಾರ್ ಪ್ರತಿ, ಪಾಸ್‌ಬುಕ್ಕುಗಳಿಗೆ ಪ್ರತ್ಯೇಕ ತಾಣವನ್ನೇ ಮಾಡಿ, ಇಬ್ಬರಿಗೋ ಮೂವರಿಗೋ ಅದರ ಪ್ರವೇಶ ಕೊಡುವುದು ಕ್ಷೇಮ. ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಎಂಬ ಸೌಲಭ್ಯವನ್ನು ಇಂತಹ ಕಾಗದಕ್ಕೆ ಎಂದಿಗೂ ಬಳಸಬಾರದು. ವಾಟ್ಸ್ಯಾಪಿನಲ್ಲಿ ಒಮ್ಮೆ ಹೊರಟ ಲಿಂಕು ಯಾವ ಊರಿನಲ್ಲಿ ನಿಲ್ಲುವುದೋ ಬಲ್ಲವರಾರು? ಇನ್ನೊಬ್ಬರ ಗುರುತಿನ ಕಾಗದವನ್ನು ಕಾಪಾಡುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯದೆಯ ಪ್ರಕಾರ ಕರ್ತವ್ಯವೂ ಆಗಿದೆ.

ಎಷ್ಟು ಕಾಲ ಇಡಬೇಕೆಂಬುದನ್ನು ಕಾನೂನು ಹೇಳಿದೆ. ಕಂಪನಿಯ ಲೆಕ್ಕದ ಪುಸ್ತಕಗಳು ಎಂಟು ಹಣಕಾಸು ವರ್ಷಗಳವರೆಗೆ ಇರಬೇಕು. ಅವು ಗಣಕದಲ್ಲಿದ್ದರೆ, 2022ರ ಆಗಸ್ಟಿನಲ್ಲಾದ ತಿದ್ದುಪಡಿಯಂತೆ, ದಿನದಿನವೂ ಅವುಗಳ ಪ್ರತಿ ಭಾರತದೊಳಗಿನ ಯಂತ್ರದಲ್ಲಿ ಉಳಿಯಬೇಕು. ಎಂಟು ವರ್ಷವೆಂದರೆ ಆ ಹುಡುಗನ ತರುವಾಯ ಇನ್ನು ಇಬ್ಬರು ಮೂವರು ಬಂದುಹೋಗುವಷ್ಟು ಕಾಲ.

ಆ ಕಾಲದ ಕೊನೆಯಲ್ಲಿ ಕಾಗದ ಸಿಕ್ಕರೂ ಓದಲು ಬಂದೀತೆ ಎಂಬ ಪ್ರಶ್ನೆ ಜತ್ತದವರಿಗೆ ಹೊಸದಲ್ಲ. ಡಫಳೆ ಮನೆತನದ ಜತ್ತ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು, ಆ ಜಿಲ್ಲೆಯೇ 1960ರಲ್ಲಿ ಸಾಂಗಲಿಯೆನಿಸಿತು. ಸರಕಾರ ಬದಲಾದಂತೆಲ್ಲ ದಪ್ತರದ ಮೇಲಿನ ಮುದ್ರೆ ಬದಲಾಯಿತು. ಹಳೆಯ ಕಾಗದಗಳ ಮೋಡಿ ಲಿಪಿಯನ್ನು ಓದಬಲ್ಲವರನ್ನು ಇಂದು ಹುಡುಕಿಕೊಂಡು ಹೋಗಬೇಕಾಗಿದೆ. ನಮ್ಮ ಕಾಲದ ಮೋಡಿಯೊಂದು ಕಂಪ್ಯೂಟರಿನಲ್ಲಿಯೂ ಇದೆ. ಯುನಿಕೋಡ್ ಬಳಕೆಗೆ ಬರುವ ಮುನ್ನಿನ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿದ ಕನ್ನಡವು ಪರದೆಯ ಮೇಲೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ಇಂಗ್ಲಿಷ್ ಅಕ್ಷರಗಳ ಅರ್ಥಹೀನ ಸಾಲಾಗಿರುತ್ತದೆ. ಅದನ್ನು ಯಾವ ಸ್ಥಳದಲ್ಲಿಟ್ಟರೂ ‘ದ್ರಾಕ್ಷಿ’ ಎಂದು ಹುಡುಕಿದರೆ ಸಿಗದು. ಯುನಿಕೋಡಿನಲ್ಲಿ ಬರೆದ ‘ದ್ರಾಕ್ಷಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರವಾದರೂ ಯಂತ್ರಕ್ಕೆ ಎಂಟು ಸಂಕೇತ: ದಕಾರ, ಹಲಂತ, ರಕಾರ, ದೀರ್ಘ, ಕಕಾರ, ಮತ್ತೆ ಹಲಂತ, ಷಕಾರ, ಗುಡಿಸು. ಸಾಮಾನ್ಯ ಬಳಕೆಯ ಯುಟಿಎಫ್-8 ಕ್ರಮದಲ್ಲಿ ಒಂದೊಂದಕ್ಕೆ ಮೂರರಂತೆ 24 ಬೈಟುಗಳು. ಈ ಎಂಟು ಸಂಕೇತಗಳ ಸಾಲು ಯಳವಿಯಲ್ಲಿಯೂ ಪುಣೆಯಲ್ಲಿಯೂ ಒಂದೇ ಆಗಿರುವುದರಿಂದಲೇ ಹುಡುಕಿದವನಿಗೆ ಕಾಗದ ದೊರೆಯುತ್ತದೆ. ಹಳೆಯ ಶೈಲಿಯ ಕಡತಗಳನ್ನು ಹೊಸ ಸ್ಥಳಕ್ಕೆ ಸಾಗಿಸುವಾಗಲೇ ಪರಿವರ್ತಿಸಿಬಿಡಬೇಕು, ತರುವಾಯ ಮಾಡುವೆನೆಂದರೆ ಆಗುವುದಿಲ್ಲ.

ಯಳವಿಯ ನಮ್ಮ ಹುಡುಗನಿಗೆ ಇದನ್ನೆಲ್ಲ ಮಾಡಲು ಒಂದು ಮಧ್ಯಾಹ್ನ ಸಾಕಾದೀತು. ಕಂಪನಿಯ ಹೆಸರಿನಲ್ಲಿ ಖಾತೆ ತೆರೆದು, ಅದರಲ್ಲಿ ಶೇರ್ಡ್ ಡ್ರೈವ್ ಮಾಡಿ, ತಾನು ಮತ್ತು ಅಧ್ಯಕ್ಷರು ಇಬ್ಬರೂ ಅದರ ವ್ಯವಸ್ಥಾಪಕರೆಂದು ನಮೂದಿಸಿ, ವರ್ಷವರ್ಷದ ಫೋಲ್ಡರುಗಳಿಗೆ ಹಿರಿಯರು ಬಾಯಲ್ಲಿ ಆಡುವ ಹೆಸರನ್ನೇ ಕೊಡುತ್ತಾನೆ: ಪಾವತಿ, ಗೊತ್ತುವಳಿ, ಉತಾರೆ, ಪರೀಕ್ಷೆ. ತರುವಾಯ ತನ್ನ ಡ್ರೈವಿನಲ್ಲಿದ್ದ ಶೀತಲಗೃಹದ ಪಾವತಿಗಳನ್ನು ಅಲ್ಲಿಗೆ ಸಾಗಿಸುತ್ತಾನೆ. ಕಾಕಾ ಕನ್ನಡಕ ಸರಿಮಾಡಿಕೊಂಡು ಪರದೆಗೆ ಬಾಗುತ್ತಾರೆ. ಪಾವತಿ ಅದೇ, ಅದರ ಮೇಲಿನ ಚಹದ ಕಲೆಯೂ ಅದೇ. ಮಾಲೀಕನೆಂದು ಮುನ್ನ ಹುಡುಗನ ಹೆಸರಿದ್ದ ಜಾಗದಲ್ಲಿ ಮಾತ್ರ ಈಗ ಯಾವ ಮನುಷ್ಯನ ಹೆಸರೂ ಇಲ್ಲ.